ಮೊಲದ ಕೊನೆಯ ಹನಿ

ಅವನು ಸಿಂಕಿಗೆ ಸುರಿದದ್ದು ಹೆಚ್ಚೇನೂ ಅಲ್ಲ, ಕೆಮ್ಮಿನ ಔಷಧಿಯ ಮುಚ್ಚಳದಷ್ಟು ತೆಳು ಹಾಲು. ಹಳಸಿದ್ದನ್ನು ಚೆಲ್ಲುವವರೆಲ್ಲ ಮಾಡುವ ಹಾಗೆ ಮೂಗನ್ನು ತುಸು ಪಕ್ಕಕ್ಕೆ ತಿರುಗಿಸಿಕೊಂಡೇ ಸುರಿದ. ನಲ್ಲಿ ಬಿಟ್ಟ. ಕೊಳವೆ ಗುಟುಕು ಗುಟುಕಾಗಿ ಕುಡಿದು ಸುಮ್ಮನಾಯಿತು. ಆಮೇಲೆ ಕೈಯಲ್ಲಿ ಉಳಿದ ಖಾಲಿ ಟ್ಯೂಬಿನ ಮೈಮೇಲಿದ್ದ ಹಳದಿ ಪಟ್ಟಿಯನ್ನು ಓದಿದ. ಓದಿ ಸುರಿಯುವುದು ಲೋಕದ ರೂಢಿ. ಸುರಿದು ಓದುವುದು ಅವನ ರೂಢಿ.

ಪಟ್ಟಿಯ ಮೇಲೆ ಅವನ ಗೈಡ್ ಮೇಡಂ ಕೈಬರಹದಲ್ಲಿ ಎರಡೇ ಮಾತು: ಕೊನೆಯದು, ಹುಷಾರು.

ಲ್ಯಾಬಿನಲ್ಲಿ ಅವನ ಹೆಸರೂ ಹುಷಾರಪ್ಪ ಎಂದೇ. ಹುಷಾರಿದ್ದುದಕ್ಕೆ ಬಂದ ಹೆಸರಲ್ಲ. ಅವನು ಕೈಯಲ್ಲಿ ಏನು ಹಿಡಿದು ನಡೆದರೂ ಎದುರಿಗೆ ಬಂದವರು ಗೋಡೆಗೆ ಒತ್ತಿಕೊಂಡು "ಹುಷಾರಪ್ಪ" ಅನ್ನುತ್ತಿದ್ದರು. ಏಳು ವರ್ಷ ಅಂದೂ ಅಂದೂ ಅದು ಅವನಿಗೇ ಅಂಟಿಕೊಂಡಿತು. ಹೊಸದಾಗಿ ಸೇರಿದವರು ಅದು ತಂದೆತಾಯಿ ಇಟ್ಟ ಹೆಸರೆಂದೇ ತಿಳಿದಿದ್ದರು.

ತಪ್ಪು ಪೂರ್ತಿ ಅವನದೂ ಅಲ್ಲ. ಎಡಗೈಯಲ್ಲಿ ಎರಡು ಟ್ಯೂಬ್ ಇದ್ದವು, ಒಂದು ಚೆಲ್ಲಬೇಕಾದದ್ದು, ಒಂದು ಕಾಯಬೇಕಾದದ್ದು. ಎರಡರಲ್ಲೂ ಹಾಲು. ಅಷ್ಟರಲ್ಲಿ ಫೋನು ಬಂತು. ಹೆಂಡತಿ.

"ಇವತ್ತು ಮುಗಿಯುತ್ತೇನ್ರೀ?"

"ಮುಗಿಯುತ್ತೆ ಕಣೇ. ಸಂಜೆ ಪರೀಕ್ಷಕರು ಚಿತ್ರ ನೋಡ್ತಾರೆ, ಸಹಿ ಹಾಕ್ತಾರೆ. ನಾಳೆ ಬಸ್ಸು ಹತ್ತೋದೇ."

"ಹೋದ ವರ್ಷಾನೂ ಹೀಗೇ ಅಂದಿದ್ರಿ."

"ಹೋದ ವರ್ಷ ಪರೀಕ್ಷಕರು ಇರ್ಲಿಲ್ಲ. ಇವತ್ತು ಬಂದು ಮೇಡಂ ರೂಮಲ್ಲಿ ಕೂತಿದಾರೆ, ಬಿಸ್ಕತ್ತು ತಿಂತಿದಾರೆ, ಕಣ್ಣಾರೆ ನೋಡ್ದೆ" ಎಂದು ಹೇಳುತ್ತಲೇ ಅವನು ಸುರಿದದ್ದು.

ಹೆಂಡತಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ, ಮಗಳನ್ನು ಕರೆದುಕೊಂಡು ಹೋಗಿ ಆಗಲೇ ವರ್ಷ ಮೀರಿತ್ತು. ಇವನಿಗೆ ಡಾಕ್ಟರೇಟು ಕೈಗೆ ಬಂದ ಮರುದಿನವೇ ಹಿಂದೆ ಹೋಗುವುದೆಂದು ಮಾತು. ಅದಕ್ಕಾಗಿ ಮನೆಯ ಸಾಮಾನನ್ನೆಲ್ಲ ಆಗಲೇ ಪೆಟ್ಟಿಗೆಗಳಿಗೆ ತುಂಬಿ ಹಗ್ಗ ಬಿಗಿದಿದ್ದರು. ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ ಹೊರಗಿಟ್ಟುಕೊಂಡು ಅವನು ತನ್ನ ಮನೆಯಲ್ಲೇ ರೈಲ್ವೆ ನಿಲ್ದಾಣದಲ್ಲಿ ಮಲಗಿದವನಂತೆ ಬದುಕುತ್ತಿದ್ದ. ಮಗಳು ಈಚೆಗೆ ಅವನನ್ನು "ಫೋನ್ ಅಪ್ಪ" ಎಂದು ಕರೆಯಲು ಶುರುಮಾಡಿದ್ದಳು. ಅವಳಿಗೆ ಅದು ಬರೀ ಗುರುತು. ಅವನಿಗೆ ಮಾತ್ರ ಅದು ಅಕ್ಕಿಯಲ್ಲಿನ ಕಲ್ಲಿನಂತೆ ದಿನಾ ಹಲ್ಲಿಗೆ ಸಿಗುತ್ತಿತ್ತು.

ಆ ಮುಚ್ಚಳದಷ್ಟು ಹಾಲಿನಲ್ಲಿ ಅಂಥದ್ದೇನಿತ್ತು ಎಂದು ಹೇಳಬೇಕು. ಅದರಲ್ಲಿ ಒಂದು ಮೊಲದ ದ್ವೇಷವಿತ್ತು.

ಕರುಳಿನ ಜೀವಕೋಶದ ಪೊರೆಯಲ್ಲಿ ಕೂತು ಹೊರಗಿನ ಸತುವನ್ನು ಒಳಗೆ ಸಾಗಿಸುವ ಒಂದು ಪ್ರೋಟೀನಿದೆ. ಮೇಡಂ ತಮ್ಮ ಕೂದಲು ಕಪ್ಪಗಿದ್ದ ಕಾಲದಿಂದ ಅದರ ಬೆನ್ನು ಹತ್ತಿದವರು. ಲ್ಯಾಬಿನವರು ಅದಕ್ಕೆ ಗೇಟಿನವನು ಅನ್ನುತ್ತಿದ್ದರು. ಗೇಟಿನವನು ಕಣ್ಣಿಗೆ ಕಾಣುವವನಲ್ಲ. ಕೋಶದೊಳಗೆ ಸಾವಿರಾರು ಪ್ರೋಟೀನುಗಳ ನೂಕುನುಗ್ಗಲು. ಅದರಲ್ಲಿ ಇವನೇ ಎಂದು ಬೆರಳು ಮಾಡಿ ತೋರಿಸಲು ಯಾರಾದರೂ ಬೇಕು. ಅದಕ್ಕೆ ಮೇಡಂ ಹಿಂದೊಮ್ಮೆ ಒಂದು ಮೊಲಕ್ಕೆ ಗೇಟಿನವನ ಒಂದು ತುಣುಕನ್ನು ಚುಚ್ಚಿ ಪರಿಚಯ ಮಾಡಿಸಿದ್ದರು. ಮೊಲದ ರಕ್ತಕ್ಕೆ ಆ ಪರಿಚಯ ಹಿಡಿಸಲಿಲ್ಲ. ಗೇಟಿನವನ ಮೇಲೆ ಹಗೆ ಸಾಧಿಸಲೆಂದೇ ಅದು ಆಂಟಿಬಾಡಿಗಳನ್ನು ಹೆತ್ತಿತು. ಮುನಿದ ಬೀಗಿತ್ತಿ ಮದುವೆಮನೆಯ ಗುಂಪಿನಲ್ಲೂ ತನ್ನ ಬೀಗಿತ್ತಿಯನ್ನು ಕಂಡುಹಿಡಿಯುವ ಹಾಗೆ ಆ ಆಂಟಿಬಾಡಿ ಎಷ್ಟೇ ಗದ್ದಲದಲ್ಲೂ ಗೇಟಿನವನನ್ನೇ ಹುಡುಕಿ ಹೋಗಿ ಅಂಟಿಕೊಳ್ಳುತ್ತಿತ್ತು. ಅಂಟಿಕೊಂಡ ಕಡೆ ಚಿತ್ರದಲ್ಲಿ ಒಂದು ಕಪ್ಪು ಗೆರೆ ಮೂಡುತ್ತಿತ್ತು. ಹುಷಾರಪ್ಪನ ಏಳು ವರ್ಷವೆಂದರೆ ಅಂಥ ಗೆರೆಗಳ ಒಂದು ಕಟ್ಟು.

ಮೊಲ ಸತ್ತು ಎಷ್ಟೋ ಕಾಲವಾಗಿತ್ತು. ಅದರ ರಕ್ತವನ್ನು ಹನಿ ಹನಿಯಾಗಿ, ತೀರ್ಥ ಕೊಟ್ಟ ಹಾಗೆ ಕೊಟ್ಟು ಮೇಡಂ ಇಲ್ಲಿಯವರೆಗೆ ಕಾಯ್ದಿದ್ದರು. ಕಂಡಕಂಡಲ್ಲಿ ಅಂಟಬಾರದೆಂದು ಅದನ್ನು ಹಾಲಿನ ಪುಡಿ ಕದಡಿದ ನೀರಿನಲ್ಲಿ ಬೆರೆಸುತ್ತಾರೆ. ಬಳಸಿದ ಮೇಲೆ ಚೆಲ್ಲದೆ ವಾಪಸು ಟ್ಯೂಬಿಗೆ ತುಂಬಿ ಮತ್ತೆ ಬಳಸುತ್ತಾರೆ. ಈಗ ಪರೀಕ್ಷಕರು ಕೊನೆಯದಾಗಿ ಒಂದು ಚಿತ್ರ ಕೇಳಿದ್ದರು: ಸತು ಸಿಗದೆ ಉಪವಾಸ ಬಿದ್ದ ಕೋಶ ಹೆಚ್ಚು ಗೇಟಿನವರನ್ನು ನೇಮಿಸಿಕೊಳ್ಳುತ್ತದೋ ಇಲ್ಲವೋ. ಆ ಚಿತ್ರಕ್ಕೆಂದು ಮೇಡಂ ಬೆಳಿಗ್ಗೆಯಷ್ಟೇ ಟ್ಯೂಬನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಚಿ ಹೋಗಿದ್ದರು.

ಅವನು ಸಿಂಕಿನ ಮುಂದೆ ಇಂಗು ತಿಂದ ಮಂಗನಂತೆ ನಿಂತ. ಆಮೇಲೆ ಕೆಟ್ಟ ಮೇಲೆ ಬರುವ ಬುದ್ಧಿ ಬಂತು. ಸಿಂಕಿನ ಕೆಳಗೆ ಕೊಳವೆ ಬಾಗಿದ ಕಡೆ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಹಾಲು ಅಲ್ಲೇ ಇರಬಹುದು. ಬಕೆಟ್ ಇಟ್ಟು, ಅಂಗಾತ ಮಲಗಿ, ತಿರುಪು ಬಿಚ್ಚಿದ. ನಿಂತಿದ್ದ ನೀರಲ್ಲಿ ಅರ್ಧ ಬಕೆಟ್ಟಿಗೆ ಬಂತು, ಅರ್ಧ ಅವನ ಕತ್ತಿನೊಳಗೆ ಇಳಿಯಿತು. ಬಣ್ಣ ಕೆಸರು, ವಾಸನೆ ಹೇಳುವಂಥದ್ದಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದವನಿಗೂ ಕೈಯಲ್ಲಿ ಒಂದಿಷ್ಟು ನಾರು ಉಳಿಯುತ್ತದೆ. ಇವನಿಗೆ ಅದೂ ಇಲ್ಲ.

"ಅಲ್ಲೇನು ಹುಡುಕ್ತಿದೀಯಪ್ಪ?"

ಫ್ರೀಜರಕ್ಕ. ಮೇಡಂ ಎಷ್ಟು ಹಳಬರೋ ಅಷ್ಟೇ ಹಳಬಳಾದ ಲ್ಯಾಬಿನ ಸಹಾಯಕಿ. ದೊಡ್ಡ ಫ್ರೀಜರಿನ ಬೀಗದ ಕೈ ಅವಳ ಸೊಂಟದಲ್ಲಿ, ಲ್ಯಾಬಿನವರೆಲ್ಲರ ಸಂಸಾರ ಅವಳ ನಾಲಿಗೆಯ ತುದಿಯಲ್ಲಿ.

"ಉಂಗುರ ಅಕ್ಕ" ಎಂದ. ಬಾಯಿಗೆ ಬಂದದ್ದು ಅದೇ.

"ನಿನ್ನ ಕೈಲಿ ಉಂಗುರ ಇದ್ದಿದ್ದನ್ನ ನಾನು ನೋಡೇ ಇಲ್ವಲ್ಲ."

"ನಂದಲ್ಲ, ನನ್ನ ಹೆಂಡ್ತೀದು."

ಎತ್ತು ಈಯಿತೆಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟುವ ಜನ. ಗಳಿಗೆಯೊಳಗೆ ಸಿಂಕಿನ ಸುತ್ತ ಗುಂಪು ಕೂಡಿತು. ಒಬ್ಬರು ಬ್ಯಾಟರಿ ತಂದರು, ಒಬ್ಬರು ಆಯಸ್ಕಾಂತ ತಂದರು, ಚಿನ್ನ ಆಯಸ್ಕಾಂತಕ್ಕೆ ಅಂಟುವುದಿಲ್ಲವೆಂದು ಮೂರನೆಯವರು ನಕ್ಕರು. ಇಷ್ಟೂ ಜನ ವಿಜ್ಞಾನಿಗಳು. ಫ್ರೀಜರಕ್ಕ ಮಾತ್ರ ಮೂಲೆಗೆ ಹೋಗಿ, ಹೆಣ್ಣಿನ ಸಂಕಟ ಹೆಣ್ಣಿಗೆ ಗೊತ್ತೆಂದು ಅವನ ಹೆಂಡತಿಗೆ ಫೋನು ಮಾಡಿ ಸಮಾಧಾನ ಹೇಳಿದಳು.

ಅವನ ಫೋನು ತಕ್ಷಣ ಬಡಿದುಕೊಂಡಿತು.

"ರೀ, ನನ್ನ ಉಂಗುರ ನನ್ನ ಬೆರಳಲ್ಲೇ ಇದೆ. ನೀವು ಅಲ್ಲಿ ಯಾರ ಉಂಗುರ ಹುಡುಕ್ತಿದೀರ?"

ಎಂಟು ಜೊತೆ ಕಿವಿಗಳು ಅವನ ಸುತ್ತ ಇದ್ದವು. "ಆಮೇಲೆ ಹೇಳ್ತೀನಿ" ಎಂದು ಪಿಸುಗುಟ್ಟಿದ. ಗಂಡನಾದವನು ಆಡಬಾರದ ಮಾತುಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಆ ಕಡೆ ಫೋನು ಇಟ್ಟ ಸದ್ದು ಈ ಕಡೆಯ ಎಲ್ಲರಿಗೂ ಕೇಳಿಸಿತು.

ಗುಂಪು ಕರಗಿದ ಮೇಲೂ ಒಬ್ಬ ಉಳಿದ. ಪಕ್ಕದ ಬೆಂಚಿನ ಸಲಹೆಗಾರ. ಅವನದು ಯೀಸ್ಟಿನ ಮೇಲೆ ಕೆಲಸ. ಯೀಸ್ಟು ತನ್ನಷ್ಟಕ್ಕೆ ತಾನು ಬೆಳೆಯುತ್ತಿದ್ದುದರಿಂದ ಉಳಿದವರ ಕೆಲಸ ನೋಡಲು ಅವನಿಗೆ ಬೇಕಾದಷ್ಟು ಪುರುಸೊತ್ತು.

"ಉಂಗುರ ಕಳ್ಕೊಂಡೋನು ಬೆರಳು ನೋಡ್ಕೋತಾನೆ ಕಣೋ. ನೀನು ಮೇಡಂ ರೂಮಿನ ಬಾಗ್ಲು ನೋಡ್ತಿದೀಯ. ಏನು ಚೆಲ್ದೆ, ಹೇಳು."

ಹುಷಾರಪ್ಪ ಹಳದಿ ಪಟ್ಟಿಯನ್ನು ತೋರಿಸಿದ. ಸಲಹೆಗಾರ ಓದಿ, ಗೌರವದಿಂದ ವಾಪಸು ಕೊಟ್ಟ.

"ಹೋಗಿ ಹೇಳ್ಬಿಡ್ತೀನಿ."

"ಹೇಳಿದ್ರೆ ನೀನು ಚೆಲ್ಲಿದ್ದು. ಹೇಳ್ದೇ ಇದ್ರೆ ಅದು ಹಳೇದಾಗಿ ಸತ್ತಿದ್ದು. ವಯಸ್ಸಾಗಿ ಸಾಯೋದು ಯಾರ ತಪ್ಪು? ಸುಮ್ನೆ ಕೆಲಸ ಮುಗ್ಸು. ಗೆರೆ ಬರಲ್ಲ. 'ಮೇಡಂ, ಆಂಟಿಬಾಡಿ ತೀರ್ಕೊಂಡಿದೆ' ಅನ್ನು. ಪರೀಕ್ಷಕರಿಗೂ ವಯಸ್ಸಾಗಿದೆ, ಹಳೇದು ಸತ್ತೋಯ್ತು ಅಂದ್ರೆ ಅವರಿಗೆ ಮರುಕ ಬರುತ್ತೆ. ಹಳೇ ಚಿತ್ರಗಳನ್ನೇ ನೋಡಿ ಸಹಿ ಹಾಕ್ತಾರೆ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಹಾಗಾದ್ರೆ ಬರೀ ಹಾಲು ಹಾಕಿ ಮುಗಿಸ್ಲಾ?"

"ದಡ್ಡ. ಬರೀ ಹಾಲಾದ್ರೆ ಹಾಳೆ ಕ್ಷೌರ ಮಾಡಿದ ಕೆನ್ನೆ ಹಾಗೆ ಬೋಳಾಗಿ ಬರುತ್ತೆ. ಮೇಡಂ ಒಂದೇ ನೋಟಕ್ಕೆ ಹಿಡೀತಾರೆ. ರಕ್ತ ಬಿದ್ದ ಮಬ್ಬು ಇರ್ಬೇಕು, ಗೆರೆ ಇರ್ಬಾರ್ದು. ಅದಕ್ಕೆ ಮುಗ್ಧ ಇಲ್ವಾ?"

ಮುಗ್ಧವೆಂದರೆ ಅದೇ ಮೊಲದಿಂದ, ಗೇಟಿನವನ ಪರಿಚಯವಾಗುವುದಕ್ಕೂ ಮುಂಚೆ ತೆಗೆದಿಟ್ಟ ರಕ್ತ. ಯಾರ ಮೇಲೂ ಹಗೆಯಿಲ್ಲದ, ಯಾರನ್ನೂ ಗುರುತಿಸದ ರಕ್ತ. ಫ್ರೀಜರಿನ ತಳದ ಪೆಟ್ಟಿಗೆಯಲ್ಲಿ ಅದರದೊಂದು ಟ್ಯೂಬಿತ್ತು. ಸೇರಿದಂದಿನಿಂದ ಅದನ್ನು ಯಾರೂ ಹೊರಗೆ ತೆಗೆದದ್ದನ್ನು ಹುಷಾರಪ್ಪ ಕಂಡಿರಲಿಲ್ಲ.

"ಬೀಗದ ಕೈ ಅಕ್ಕನ ಹತ್ರ ಇದೆ" ಎಂದ ಹುಷಾರಪ್ಪ, ಅದೇ ಕಷ್ಟವೆಂಬಂತೆ. ಸುಳ್ಳು ಹೇಳುವುದು ಕಷ್ಟವೆಂದು ಅವನಿಗೆ ಅನ್ನಿಸಲಿಲ್ಲ. ಇದನ್ನು ನೆನೆದು ಅವನು ಮುಂದೆ ಬಹಳ ದಿನ ನಾಚಿಕೊಂಡ.

ಫ್ರೀಜರಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಉಂಗುರ ಯಾರಿಗೆ ಅಂತ ಹೇಳೋವರೆಗೂ ಬೀಗ ತೆಗಿಯಲ್ಲ. ಆ ಹುಡುಗಿ ಅಲ್ಲಿ ಒಬ್ಳೇ ಮಗು ಸಾಕ್ಕೊಂಡು ಇದಾಳೆ. ನಾನು ಕಣ್ಮುಚ್ಕೊಂಡು ಇರೋಳಲ್ಲ."

"ಅವಳಿಗೇ ಅಕ್ಕ. ಹೊಸದು. ಸಹಿ ಆದ್ಮೇಲೆ ಕೊಡೋಣ ಅಂತ ತಂದಿದ್ದೆ. ಅವಳಿಗೆ ಗೊತ್ತಿಲ್ಲ."

ಅಕ್ಕನ ಮುಖ ಬೆಣ್ಣೆಯಾಯಿತು. ಬೀಗ ತೆಗೆದಳು, ಟ್ಯೂಬು ಕೊಟ್ಟಳು, ಯಾರಿಗೂ ಹೇಳುವುದಿಲ್ಲವೆಂದು ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಅವನು ಬೆಂಚಿಗೆ ಮರಳುವಷ್ಟರಲ್ಲಿ ಹೆಂಡತಿಯ ಸಂದೇಶ ಬಂದಿತ್ತು: "ಅಕ್ಕ ಹೇಳಿದ್ರು. ನಿಮಗೆ ಹುಚ್ಚು. ಸಿಗದಿದ್ರೆ ಸಿಗದೇ ಹೋಗ್ಲಿ, ಕೊಡ್ಬೇಕು ಅನ್ನಿಸ್ತಲ್ಲ, ಅಷ್ಟು ಸಾಕು. ನೀವು ಬನ್ನಿ."

ಅದನ್ನು ಅವನು ಎರಡು ಸಲ ಓದಿದ. ಕೊಡಬೇಕೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಕೆಲಸ ಶುರುವಾಯಿತು. ಕೋಶದ ರಸವನ್ನು ಜೆಲ್ಲಿನಲ್ಲಿ ಓಡಿಸಬೇಕು, ಓಡಿದ್ದರ ಅಚ್ಚನ್ನು ಹಾಳೆಗೆ ಇಳಿಸಬೇಕು, ಹಾಳೆಯನ್ನು ರಕ್ತ ಬೆರೆಸಿದ ಹಾಲಿನಲ್ಲಿ ನೆನೆಸಬೇಕು. ಸಲಹೆಗಾರ ಹೆಗಲ ಮೇಲಿಂದ ಇಣುಕಿ, "ರಸಾನ ಕುದಿಸ್ಬಿಡು, ಗೆರೆ ಬರೋ ಪ್ರಶ್ನೇನೇ ಇರಲ್ಲ" ಎಂದ. ಪೊರೆಯ ಪ್ರೋಟೀನು ಕುದಿಸಿದರೆ ಹದ ತಪ್ಪಿದ ಪಾಕದಂತೆ ಗಂಟುಗಟ್ಟಿ ಜೆಲ್ಲಿನ ಬಾಯಲ್ಲೇ ಕೂತುಬಿಡುತ್ತದೆ. ಹುಷಾರಪ್ಪನ ಕೈ ಯಾಕೋ ಅದಕ್ಕೆ ಏಳಲಿಲ್ಲ. "ಸುಳ್ಳಾದ್ರೂ ಕ್ರಮವಾಗಿ ಮಾಡೋಣ ಬಿಡು" ಎಂದ.

ಆಗ ಒಂದು ವಿಚಿತ್ರ ನಡೆಯಿತು. ಅವನ ಕೈ ನಡುಗಲಿಲ್ಲ. ಏಳು ವರ್ಷ ಪ್ರತಿ ಹನಿಯನ್ನೂ ಎದೆ ಬಡಿತ ಕೇಳುತ್ತ ಹಾಕಿದವನು ಅವತ್ತು, ಗೆಲ್ಲಲು ಏನೂ ಇಲ್ಲದ ಆಟದಲ್ಲಿ, ನುರಿತ ದರ್ಜಿಯಂತೆ ಕೆಲಸ ಮಾಡಿದ. ಏನೂ ಚೆಲ್ಲಲಿಲ್ಲ, ಏನೂ ಹರಿಯಲಿಲ್ಲ, ಹಾಳೆಯ ಕೆಳಗೆ ಒಂದು ಗುಳ್ಳೆಯೂ ಸಿಕ್ಕಿಕೊಳ್ಳಲಿಲ್ಲ. ಮುಗ್ಧದ ಟ್ಯೂಬಿನ ತಳದಲ್ಲಿ ಇದ್ದದ್ದೇ ಒಂದು ಹನಿ. ಕೆಲಸಕ್ಕೆ ಬಾರದ ರಕ್ತಕ್ಕೆ ಯಾಕೆ ಜಿಪುಣತನವೆಂದು ಪೂರ್ತಿ ಹಾಕಿದ. ಹಾಳೆ ನೆನೆದ ಮೇಲೆ ಆ ಹಾಲನ್ನು ಯಾವ ಯೋಚನೆಯೂ ಇಲ್ಲದೆ ಸಿಂಕಿಗೆ ಸುರಿದ.

ಚಿತ್ರ ತೆಗೆಯುವ ಯಂತ್ರದ ಪರದೆ ಮೊದಲು ಬೂದಿಯಾಗಿತ್ತು. ಆಮೇಲೆ ಬೂದಿಯೊಳಗಿಂದ ಒಂದು ಗೆರೆ ಎದ್ದಿತು. ಉಂಡ ಕೋಶದ ಸಾಲಿನಲ್ಲಿ ಹುಬ್ಬಿನಷ್ಟು ತೆಳ್ಳಗೆ. ಉಪವಾಸದ ಕೋಶದ ಸಾಲಿನಲ್ಲಿ ಕಾಡಿಗೆ ತೀಡಿದಷ್ಟು ಕಪ್ಪಗೆ. ಸುತ್ತ ಒಂದು ಕಲೆ ಇಲ್ಲ.

"ಲೋ, ಇದು ಮುಗ್ಧ ತಾನೇ?" ಸಲಹೆಗಾರನ ದನಿ ಇಳಿದಿತ್ತು.

"ಹೌದು."

"ಗೆರೆ ಬಂದಿದೆ."

"ಕಾಣ್ತಿದೆ."

"ಬರ್ಬಾರ್ದಿತ್ತು ಕಣೋ."

ಬರಬಾರದಿತ್ತು. ಗೇಟಿನವನನ್ನು ಯಾವತ್ತೂ ನೋಡದ ರಕ್ತ ಗೇಟಿನವನನ್ನು ಗುರುತಿಸುವುದು ಹೇಗೆ? ಹಾಗಾದರೆ ಆ ಗೆರೆ ಗೇ‌ಟಿನವನದಲ್ಲ. ಆ ಮೊಲ ಹುಟ್ಟುತ್ತಲೇ ಬೇರೆ ಯಾವುದೋ ಪ್ರೋಟೀನಿನ ಮೇಲೆ ಹಗೆ ಹೊತ್ತು ಬಂದಿತ್ತು, ಮತ್ತು ಇಷ್ಟು ಕಾಲ ಎಲ್ಲರೂ ಆ ಯಾರೋ ದಾರಿಹೋಕನನ್ನು ಗೇಟಿನವನೆಂದು ತಿಳಿದು ಅವನ ಊಟ, ಉಪವಾಸ, ಏಳುಬೀಳುಗಳನ್ನೆಲ್ಲ ಬರೆದಿಟ್ಟಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿದ್ದಾರೆ. ಇಲ್ಲಿ ಹಿಡಿದದ್ದು ಮೊಲವೇ ಅಲ್ಲ. ಅವನ ಏಳು ವರ್ಷ ಹೋಯಿತು, ಅದು ಹಾಗಿರಲಿ. ಮೇಡಂ ಅವರದು ಪೂರ್ತಿ ಆಯುಷ್ಯ.

"ಬಾಯಿ ಮುಚ್ಕೊಂಡಿರು" ಎಂದ ಸಲಹೆಗಾರ. "ನಿನಗೆ ಬೇಕಾದ ಚಿತ್ರಾನೇ ಬಂದಿದೆ. ನಾಳೆ ನೀನು ಬಸ್ಸಲ್ಲಿರ್ತೀಯ."

ಬಾಗಿಲು ತೆರೆದು ಮೇಡಂ ಒಳಗೆ ಬಂದರು, ಹಿಂದೆ ಪರೀಕ್ಷಕರು, ಅವರ ಹಿಂದೆ ಟೀ ತಟ್ಟೆ ಹಿಡಿದು ಫ್ರೀಜರಕ್ಕ. ಪರದೆ ಬಾಗಿಲಿನ ಕಡೆಗೇ ಮುಖ ಮಾಡಿತ್ತು. ಮುಚ್ಚಲು ಅವನಿಗೆ ಅಷ್ಟು ಉದ್ದದ ಕೈ ಇರಲಿಲ್ಲ.

ಮೇಡಂ ಹತ್ತಿರ ಹೋಗಿ ಕನ್ನಡಕ ಮೇಲೆತ್ತಿ ನೋಡಿದರು. "ಇಷ್ಟು ಚೆನ್ನಾಗಿ ಬಂತಾ?" ಎಂದರು, ತಮಗೇ ಹೇಳಿಕೊಳ್ಳುವಂತೆ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು. ಏಳು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು. "ಒಂದು ದಿನ ನಿನ್ನ ಕೈ ಕೂರುತ್ತೆ ಅಂತ ನಾನು ಹೇಳ್ತಿರ್ಲಿಲ್ವಾ?"

ಪರೀಕ್ಷಕರು ಮೃದು ಮನುಷ್ಯ. ಬಿಸ್ಕತ್ತಿನ ಪುಡಿ ಕೊಡವಿಕೊಂಡು ಬಹಳ ಹೊತ್ತು ಚಿತ್ರ ನೋಡಿದರು. ಜೇಬಿನಿಂದ ಪೆನ್ನು ತೆಗೆದರು. "ಇದಕ್ಕೇ ಕಾಯ್ತಿದ್ದೆ" ಎಂದರು. "ನನ್ನ ಹತ್ರ ಹೊಸದಾಗಿ ಇಬ್ಬರು ಸೇರಿದಾರೆ, ಚುರುಕು ಮಕ್ಕಳು. ಅವರಿಬ್ಬರನ್ನೂ ಇದರ ಮೇಲೇ ಹಾಕ್ತೀನಿ. ನೀವು ನಿಲ್ಲಿಸಿದ ಕಡೆಯಿಂದ ಅವರು ಶುರುಮಾಡ್ಲಿ."

ಹುಷಾರಪ್ಪನಿಗೆ ಆ ಇಬ್ಬರು ಕಂಡರು. ಮುಖ ಕಾಣಲಿಲ್ಲ, ಅವರ ಮನೆ ಕಂಡಿತು: ಹಗ್ಗ ಬಿಗಿದ ಪೆಟ್ಟಿಗೆಗಳು, ಒಂದು ತಟ್ಟೆ, ಒಂದು ಲೋಟ. ಅವರ ಮಕ್ಕಳು ಅವರನ್ನು ಏನೆಂದು ಕರೆಯುತ್ತಾರೋ.

"ಸರ್, ಸಹಿ ಹಾಕ್ಬೇಡಿ" ಎಂದ.

ಸಲಹೆಗಾರ ಕಣ್ಣು ಮುಚ್ಚಿಕೊಂಡ.

"ಬೆಳಿಗ್ಗೆ ಆಂಟಿಬಾಡಿ ಚೆಲ್ಬಿಟ್ಟೆ. ಉಂಗುರ ಅಂದಿದ್ದು ಸುಳ್ಳು ಅಕ್ಕ, ಯಾವ ಉಂಗುರಾನೂ ಇಲ್ಲ. ಈ ಹಾಳೆಗೆ ಹಾಕಿರೋದು ಮುಗ್ಧ. ಗೆರೆ ಬರಲ್ಲ, ಆಂಟಿಬಾಡಿ ಸತ್ತಿದೆ ಅಂತ ಸುಳ್ಳು ಹೇಳೋಣ ಅಂತಿದ್ದೆ. ಗೆರೆ ಬಂತು. ಹಾಗಂದ್ರೆ ನಮ್ಮ ಯಾವ ಗೆರೇನೂ ಗೇಟಿನವನದಲ್ಲ ಸರ್. ಆ ಇಬ್ಬರಿಗೆ ಬೇರೆ ಏನಾದ್ರೂ ಕೊಡಿ."

ಮಾತು ಮುಗಿಯಿತು. ಮೈ ಹಗುರವಾಯಿತು. ಬದುಕಿನಲ್ಲಿ ಮೊದಲ ಸಲ ತಾನೊಂದು ದೊಡ್ಡ ಕೆಲಸ ಮಾಡಿದೆನೆಂದು ಅವನಿಗೆ ಅನ್ನಿಸಿತು. ಮೇಡಂ ಅಳುತ್ತಾರೋ ಬೈಯುತ್ತಾರೋ ಎಂದು ಕಾದ. ಅವರು ಎರಡೂ ಮಾಡಲಿಲ್ಲ. ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ.

"ಆ ಟ್ಯೂಬಲ್ಲಿ ಎಷ್ಟು ಉಳಿದಿದೆ?" ಎಂದು ಕೇಳಿದರು.

"ಮುಗ್ಧದ ಟ್ಯೂಬಲ್ಲಾ ಮೇಡಂ? ಏನೂ ಇಲ್ಲ. ಎಲ್ಲಾ ಹಾಕ್ಬಿಟ್ಟೆ."

"ಹಾಳೆ ನೆನೆಸಿದ ಹಾಲು? ವಾಪಸ್ ತುಂಬಿಟ್ಟಿದೀಯ ತಾನೇ?"

"ಇಲ್ಲ. ಕೆಲಸಕ್ಕೆ ಬಾರದ್ದು ಅಂತ ಸಿಂಕಿಗೆ..."

ಮೇಡಂ ಪಕ್ಕದ ಸ್ಟೂಲು ಎಳೆದುಕೊಂಡು ನಿಧಾನವಾಗಿ ಕೂತರು.

"ಅದು ಮುಗ್ಧ ಅಲ್ಲ" ಎಂದರು.

ಫ್ರೀಜರಕ್ಕ ಟೀ ತಟ್ಟೆಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು.

"ಮುಗ್ಧ ಎಂದೋ ಮುಗಿದಿತ್ತು. ಆ ಟ್ಯೂಬಿಗೆ ಅಸಲಿ ಕೊನೇ ಹನೀನ ನಾನೇ ಹಾಕಿಟ್ಟಿದ್ದೆ. ಅಕ್ಕನಿಗೂ ಹೇಳಿರ್ಲಿಲ್ಲ."

"ಯಾಕೆ?" ಎಂದು ಪರೀಕ್ಷಕರು ಕೇಳಿದರು.

ಮೇಡಂ ಹುಷಾರಪ್ಪನ ಕಡೆ ನೋಡಿದರು, ಬೇಜಾರಿನಿಂದಲ್ಲ, ಸಂಕೋಚದಿಂದ. "ಅದನ್ನ ಯಾರೂ ಮುಟ್ಟಲ್ಲ. ಅದಕ್ಕಿಂತ ಭದ್ರವಾದ ಜಾಗ ನನಗೆ ಹೊಳೀಲಿಲ್ಲ."

"ಹಾಗಾದ್ರೆ ಬೆಳಿಗ್ಗೆ ನಾನು ಚೆಲ್ಲಿದ್ದು?"

"ಬಳಸಿ ಬಳಸಿ ಸೋತುಹೋಗಿದ್ದು. ನೀನು ಯಾವ ಪ್ರಯೋಗಕ್ಕಾದ್ರೂ ಒಂದು ಸಲ ಚೆಲ್ಲೇ ಚೆಲ್ತೀಯಪ್ಪ. ಚೆಲ್ಲೋದು ಮೊದ್ಲೇ ಮುಗಿದುಹೋಗ್ಲಿ, ಆಮೇಲೆ ನಾನೇ ಬಂದು ಒಳ್ಳೇದನ್ನ ಹಾಕೋಣ ಅಂತ ಅದನ್ನ ಕೊಟ್ಟಿದ್ದೆ. ಇವರ ಹತ್ರ ಮಾತಾಡ್ತಾ ಕೂತ್ಬಿಟ್ಟೆ."

ಹುಷಾರಪ್ಪ ಯಂತ್ರಕ್ಕೆ ಆನಿಕೊಂಡ. ಅವನು ಮೊಲವನ್ನು ಅನುಮಾನಿಸಿದ್ದ, ಗೇಟಿನವನನ್ನು ಅನುಮಾನಿಸಿದ್ದ, ಏಳು ವರ್ಷದ ತನ್ನ ಕಣ್ಣುಗಳನ್ನೇ ಅನುಮಾನಿಸಿದ್ದ. ಮೇಡಂ ಅಂಟಿಸಿದ ಪಟ್ಟಿಯನ್ನು ಅನುಮಾನಿಸಬಹುದೆಂದು ಮಾತ್ರ ಅವನಿಗೆ ತೋಚಿರಲಿಲ್ಲ. ಗೆರೆ ಗೇಟಿನವನದೇ. ಚಿತ್ರ ಸರಿಯಾದದ್ದೇ, ಲ್ಯಾಬಿನಲ್ಲಿ ಈವರೆಗೆ ಬಂದ ಎಲ್ಲದಕ್ಕಿಂತ ಚೆನ್ನಾದದ್ದೇ. ಅವನು ಒಂದು ಮಾತೂ ಆಡದೆ ಟೀ ಕುಡಿಯುತ್ತ ನಿಂತಿದ್ದರೆ ಸಾಕಿತ್ತು.

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. "ನಾನು ನಿಮ್ಮಿಬ್ಬರನ್ನೂ ನಂಬ್ತೀನಿ" ಎಂದರು. "ಆದ್ರೆ ಚಿತ್ರದ ಕೆಳಗೆ ಏನು ಬರೀತೀರಿ? ಟ್ಯೂಬಿನ ಹೊರಗಿದ್ದದ್ದು ಬರೆದ್ರೆ ನಿಮ್ಮ ಕೆಲಸವೆಲ್ಲ ಸುಳ್ಳು. ಒಳಗಿದ್ದದ್ದು ಬರೆದ್ರೆ, ಒಳಗಿತ್ತು ಅಂತ ತೋರ್ಸೋಕೆ ಒಂದು ಹನೀನೂ ಇಲ್ಲ. ಪಟ್ಟಿ ಒಂದು, ಪದಾರ್ಥ ಒಂದು ಇರೋ ಲ್ಯಾಬಿನ ಚಿತ್ರಕ್ಕೆ ನಾನು ಹೇಗೆ ಸಹಿ ಹಾಕ್ಲಿ ಮೇಡಂ? ನೀವೇ ನನ್ನ ಜಾಗದಲ್ಲಿದ್ರೆ ಹಾಕ್ತಿದ್ರಾ?"

"ಹಾಕ್ತಿರ್ಲಿಲ್ಲ" ಎಂದರು ಮೇಡಂ.

"ಇನ್ನೊಂದು ಮೊಲದಿಂದ ಶುರುಮಾಡಿ. ಇದೇ ಗೆರೆ ಬಂದ ದಿನ ನಾನು ಮೊದಲ ರೈಲಿಗೇ ಬರ್ತೀನಿ." ಹೋಗುವಾಗ ಅವರು ಹುಷಾರಪ್ಪನ ಕೈ ಹಿಡಿದು ಬಹಳ ಹೊತ್ತು ಕುಲುಕಿದರು. "ಇಷ್ಟು ಪ್ರಾಮಾಣಿಕವಾದ ವಿದ್ಯಾರ್ಥೀನ ನಾನು ನೋಡಿಲ್ಲಪ್ಪ" ಎಂದರು. ಅವನಿಗೆ ಆ ಕೈಯನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ.

ಫ್ರೀಜರಕ್ಕ ಯಾರೂ ಮುಟ್ಟದ ಟೀ ಲೋಟಗಳನ್ನು ಎತ್ತಿಕೊಂಡು ಹೋದಳು. ಸಲಹೆಗಾರ ಬಾಗಿಲ ಹತ್ತಿರ ನಿಂತು, "ಸುಮ್ನಿದ್ದಿದ್ರೆ ನಿಜಾನೇ ಹೇಳ್ದಂಗಾಗ್ತಿತ್ತಲ್ಲೋ" ಎಂದ. ಸಲಹೆಗಾರನ ಬಾಯಿಂದ ಬಂದ ಮಾತುಗಳಲ್ಲಿ ಖಂಡಿತವಾಗಿ ಸರಿಯಾದದ್ದು ಅದೊಂದೇ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮೇಡಂ ಮತ್ತು ಅವನು ಉಳಿದರು. ಪರದೆಯ ಮೇಲೆ ಗೆರೆ ಹಾಗೇ ಇತ್ತು.

"ತಪ್ಪು ನಂದು" ಎಂದರು ಮೇಡಂ. "ನಿನ್ನನ್ನ ನಂಬಿ ಅಸಲಿದೇ ಕೈಗೆ ಕೊಡ್ಬೇಕಿತ್ತು."

ಹುಷಾರಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ಕೊಟ್ಟಿದ್ರೆ ಬೆಳಿಗ್ಗೇನೇ ಸಿಂಕಿಗೆ ಹೋಗ್ತಿತ್ತು ಮೇಡಂ."

"ಅದೂ ನಿಜ" ಎಂದರು. ಇಬ್ಬರಿಗೂ ಸ್ವಲ್ಪ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಮೇಡಂ ಯಂತ್ರ ಆರಿಸಲು ಕೈ ಚಾಚಿ, ಆರಿಸದೆ, ಇನ್ನೊಂದು ಗಳಿಗೆ ಆ ಗೆರೆಯನ್ನು ನೋಡುತ್ತ ನಿಂತರು. ಅವರಿಗೆ ನಿವೃತ್ತಿ ಹತ್ತಿರವಿತ್ತು. ಹೊಸ ಮೊಲದ ರಕ್ತಕ್ಕೆ ಹಗೆ ಮಾಗುವಷ್ಟು ದಿನ ಅವರ ಕೋಣೆಗೆ ಅವರ ಹೆಸರು ಇರುತ್ತದೋ ಇಲ್ಲವೋ.

ಹೊರಗೆ ಮೆಟ್ಟಿಲ ಮೇಲೆ ಕೂತು ಅವನು ಫೋನು ಮಾಡಿದ. ಮೊದಲ ರಿಂಗು ಮುಗಿಯುವುದರೊಳಗೆ ಹೆಂಡತಿ ಎತ್ತಿದಳು.

"ಸಹಿ ಆಯ್ತಾ?"

"ಇಲ್ಲ."

"ಯಾಕ್ರೀ? ಏನಾಯ್ತು?"

"ನಿಜ ಹೇಳ್ಬಿಟ್ಟೆ."

ಅವಳ ದನಿ ಮೆತ್ತಗಾಯಿತು. "ನಿಜ ಹೇಳಿದ್ರಲ್ಲ, ಹೋಗ್ಲಿ ಬಿಡಿ. ಅದಕ್ಯಾಕೆ ಇಷ್ಟು ಸಪ್ಪಗಿದೀರ?"

"ಅದು ನಿಜ ಆಗಿರ್ಲಿಲ್ಲ ಕಣೇ."

ಅವಳಿಗೆ ಅರ್ಥವಾಗಲಿಲ್ಲ. ವಿವರಿಸಲು ಅವನಿಗೆ ಶಕ್ತಿ ಇರಲಿಲ್ಲ. ಫೋನು ಕೈ ಬದಲಾಯಿಸಿದ ಸದ್ದಾಯಿತು.

"ಫೋನ್ ಅಪ್ಪ, ನೀನು ಯಾವಾಗ ಬರೋದು?"

"ಇನ್ನೊಂದು ಮೊಲ ತರ್ಬೇಕು ಪುಟ್ಟಿ, ಆಮೇಲೆ ಬರ್ತೀನಿ."

"ಬಿಳೀದಾ?"

ಅವನು ಯೋಚಿಸಿದ. ಲ್ಯಾಬಿಗೆ ತರುವ ಮೊಲಗಳೆಲ್ಲ ಬಿಳಿಯೇ.

"ಬಿಳೀದು" ಎಂದ.

"ಅಮ್ಮಾ, ಅಪ್ಪ ಬಿಳೀ ಮೊಲ ತರ್ತಾರಂತೆ" ಎಂದು ಹೇಳುತ್ತ ಅವಳು ಅಮ್ಮನ ಕಡೆ ಓಡಿದ ಹೆಜ್ಜೆಗಳು ಕೇಳಿದವು. ಫೋನು ಎಲ್ಲೋ ನೆಲದ ಮೇಲೆ ತೆರೆದೇ ಬಿದ್ದಿತ್ತು. ಆ ಮೊಲವನ್ನು ಎಲ್ಲಿ ಮಲಗಿಸುವುದು, ಏನು ತಿನ್ನಿಸುವುದು, ಏನೆಂದು ಕರೆಯುವುದು ಎಂದು ಅವಳು ಅಮ್ಮನಿಗೆ ಹೇಳುತ್ತ ಹೋದದ್ದನ್ನು ಅವನು ಮೆಟ್ಟಿಲ ಮೇಲೆ ಕೂತು ಕೇಳುತ್ತಲೇ ಇದ್ದ.